ಸಮ ಅಲ್ಲ ಅನ್ಲಿಕ್ಕ /= ಇಡ್ಲೋ, != ಇಡ್ಲೋ?

ಸರ್, ಗಣಿತದ ≠ ಹಂಗ ಕಾಣ್ತದ ಅಂತ ನಿಮ್ಮ ಹೊಸ ಪ್ರೋಗ್ರಾಮಿಂಗ್ ಲ್ಯಾಂಗ್ವೇಜಿಗೆ /= ಇಡಬೇಕಂತೀರಿ, ಹ್ಯಾಸ್ಕೆಲ್, ಅಡಾ ಅನ್ನೋ ಲ್ಯಾಂಗ್ವೇಜ್ ಎರಡರಾಗೂ ಅದೇ ಅದ ಖರೇ, ಆದ್ರ ನೀವೇ += (ಕೂಡಿಸಿ ಇಡೋದು) ಮತ್ತ -= (ಕಳೆದು ಇಡೋದು) ಭೀ ಬೇಕಂತ ಬರದೀರಿ, ಹಂಗಾದ್ರ ಬೆಲೆ /= 2 ಅಂದ್ರ ಭಾಗಿಸಿ ಇಡೋದೋ, ಸಮ ಅಲ್ಲ ಅನ್ನೋದೋ? ಕೋಡ್ ಬಿಡಿಸಿ ಓದೋ ಪಾರ್ಸರ್ ಪ್ರೋಗ್ರಾಂ ಬಿಡ್ರಿ, ಓದಾಂವಂದೇ ತಲಿ ಕೆಡ್ತದ.

ಪಾಸ್ಕಲ್, ಎಸ್‌ಕ್ಯೂಎಲ್‌ನಾಗಿನ <> ನಂಗೇನೋ ಚೊಲೊ ಕಾಣ್ತದ, ಆದ್ರ ಅದನ್ನ 'ಸಣ್ಣದು ಇಲ್ಲಾ ದೊಡ್ಡದು' ಅಂತ ಓದ್ಬೇಕಾಗ್ತದ, ಕಾಂಪ್ಲೆಕ್ಸ್ ನಂಬರಿನಾಗ (2+3i ಅಂಥಾವು) ಸಣ್ಣದು ದೊಡ್ಡದು ಎಲ್ಲಿಂದ ತರ್ತೀರಿ?

ನಾ ಇಲ್ಲಿ ಕಲಬುರಗಿ ಡಿಪ್ಲೊಮಾ ಹುಡುಗ್ರಿಗಿ ಸಿ ಹೇಳಿಕೊಡ್ತೀನಿ, ಅವ್ರ ಕೈಗಿ != ಕೂತುಬಿಟ್ಟದ. ಅದನ್ನೇ ಇಡ್ರಿ. ಎಡಿಟರ್‌ನಾಗ ಫಿರಾ ಕೋಡ್ ಫಾಂಟ್ ಹಾಕಿ ಲಿಗೇಚರ್ (ಎರಡ್ಮೂರು ಚಿಹ್ನೆ ಕೂಡಿಸಿ ಒಂದೇ ಮಾಡಿ ತೋರ್ಸೋದು) ಆನ್ ಮಾಡ್ರಿ, ಟೈಪ್ ಮಾಡಿದ್ದು != ಇದ್ರೂ ಕಣ್ಣಿಗಿ ನಿಮ್ಮ ≠ ಹಂಗೇ ಕಾಣ್ತದ.