ಬದಲಾದದ್ದು ಜೀನ್ ಅಲ್ಲ, ಅದರ ಅಭಿವ್ಯಕ್ತಿ

ಬಾಹ್ಯಾಕಾಶದಲ್ಲಿ 340 ದಿನ ಕಳೆದ ನಾಸಾ ಗಗನಯಾತ್ರಿ ಸ್ಕಾಟ್ ಕೆಲ್ಲಿಯವರ ಡಿಎನ್‌ಎ ಶೇಕಡಾ 7ರಷ್ಟು ಬದಲಾಗಿ, ಅವರು ತಮ್ಮ ಸೋದರ ಮಾರ್ಕ್ ಅವರ ತದ್ರೂಪಿ ಅವಳಿಯಾಗಿ ಉಳಿದಿಲ್ಲವೇ ಎಂದು ಕೇಳಿದ್ದೀರಿ. 2018ರಲ್ಲಿ ಅನೇಕ ಪತ್ರಿಕೆಗಳು ಹಾಗೆಯೇ ಬರೆದವು. ಆದರೆ ಅದು ತಪ್ಪು ಗ್ರಹಿಕೆ. ಡಿಎನ್‌ಎಯನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ನಮಗೂ ಚಿಂಪಾಂಜಿಗೂ ಇರುವ ಅಂತರವೇ ಶೇಕಡಾ 2ಕ್ಕಿಂತ ಕಡಿಮೆ ಎಂಬುದನ್ನು ನೆನೆದರೆ ಆ ಸುದ್ದಿ ಎಷ್ಟು ಅಸಂಬದ್ಧವೆಂದು ತಿಳಿಯುತ್ತದೆ. ಅಲ್ಲಿ ಬದಲಾದದ್ದು ಜೀನ್‌ಗಳ ಅಭಿವ್ಯಕ್ತಿ, ಅಂದರೆ ಯಾವ ಜೀನ್ ಎಷ್ಟು ಸಕ್ರಿಯವಾಗಿದೆ ಎಂಬ ಪ್ರಮಾಣ. ಹಾಗೆ ಏರುಪೇರಾದ ಜೀನ್‌ಗಳಲ್ಲಿ ಶೇಕಡಾ 90ಕ್ಕಿಂತ ಹೆಚ್ಚಿನವು ಭೂಮಿಗೆ ಮರಳಿದ ಆರು ತಿಂಗಳೊಳಗೆ ಮೊದಲಿನ ಸ್ಥಿತಿಗೆ ಬಂದವು.

ನನ್ನ ದೃಷ್ಟಿಯಲ್ಲಿ ಹೆಚ್ಚು ಕುತೂಹಲಕರವಾದದ್ದು ಟೆಲೊಮಿಯರ್‌ಗಳ ಕಥೆ. ಷೂ ಲೇಸಿನ ತುದಿಯ ಪ್ಲಾಸ್ಟಿಕ್ ಕವಚದಂತೆ ವರ್ಣತಂತುಗಳ ತುದಿಯನ್ನು ಕಾಯುವ ಇವು ವಯಸ್ಸಾದಂತೆ ಮೊಟಕಾಗುತ್ತವೆ. ವಿಕಿರಣ, ಒತ್ತಡಗಳ ನಡುವೆ ಇನ್ನಷ್ಟು ಮೊಟಕಾಗುತ್ತವೆಂದು ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಸೂಸನ್ ಬೈಲಿ ಅವರ ತಂಡ ನಿರೀಕ್ಷಿಸಿದ್ದರೆ, ಸ್ಕಾಟ್ ಅವರ ಬಿಳಿ ರಕ್ತಕಣಗಳಲ್ಲಿ ಅವು ಉದ್ದವಾಗಿದ್ದವು! ಇದನ್ನು ಯೌವನ ಮರಳಿತೆಂದು ತಿಳಿಯಬಾರದು: ಇಳಿದ ಸುಮಾರು 48 ಗಂಟೆಗಳೊಳಗೆ ಅವು ಕುಗ್ಗಿದವು, ಮಾತ್ರವಲ್ಲ, ತೀರಾ ಮೋಟಾದ ಟೆಲೊಮಿಯರ್‌ಗಳ ಸಂಖ್ಯೆ ಹಾರಾಟಕ್ಕೆ ಮುಂಚಿಗಿಂತ ಹೆಚ್ಚಾಯಿತು.

ಅವಳಿ ಸೋದರರನ್ನು ಹೋಲಿಸಿ 2019ರಲ್ಲಿ ಪ್ರಕಟವಾದ ಈ ಅಧ್ಯಯನದ ಅವಧಿಯಲ್ಲಿ ಬಾಹ್ಯಾಕಾಶದಲ್ಲಿದ್ದವರು ಒಬ್ಬರೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ 2021ರಲ್ಲಿ ಕೇವಲ ಮೂರು ದಿನ ನಡೆದ ಇನ್‌ಸ್ಪಿರೇಶನ್4 ಬಾಹ್ಯಾಕಾಶ ಯಾನದ ನಾಲ್ವರಲ್ಲೂ ಟೆಲೊಮಿಯರ್ ಉದ್ದವಾದದ್ದು ಕಂಡುಬಂದಿದೆ.