ಓದುಗರ ಪ್ರಶ್ನೆ: ಪೇಟೆ ರಸ್ತೆಯನ್ನು ಒನ್‌ವೇ ಮಾಡುವ ಮುನ್ನ

ಪ್ರಶ್ನೆ (ಶಿರಸಿ): ನಮ್ಮ ಪೇಟೆ ರಸ್ತೆ ಏಳು ಮೀಟರ್ ಅಗಲ. ಎರಡು ಬಸ್ಸು ಎದುರುಬದುರಾದರೆ ಎಲ್ಲ ನಿಂತಿತು. ಒನ್‌ವೇ ಮಾಡಿದರೆ ಸರಿಹೋದೀತೆ? ದಿಕ್ಕು ನಿರ್ಧರಿಸುವುದು ಹೇಗೆ?

ಉತ್ತರ: ಮರಳಿ ಬರಲು ಜೋಡಿ ರಸ್ತೆ ಇದ್ದರೆ ಸರಿಹೋಗುತ್ತದೆ, ಇಲ್ಲವಾದರೆ ಇಲ್ಲ. ಹಾಗಾಗಿ ಮೊದಲು ಟೇಪು ಹಿಡಿಯಬೇಕಾದದ್ದು ಪಕ್ಕದ ಸಮಾನಾಂತರ ರಸ್ತೆಗೆ. ಅದು 200–300 ಮೀಟರ್ ಒಳಗಿರಲಿ, ನಡುವೆ ಅಡ್ಡರಸ್ತೆಗಳೂ ಇರಲಿ. ಸುತ್ತು ಉದ್ದವಾದರೆ ಸ್ಕೂಟರಿನವರು ಎದುರಿನಿಂದಲೇ ನುಗ್ಗುತ್ತಾರೆ. ಪೊಲೀಸರು ಎಷ್ಟು ಹೊತ್ತು ನಿಂತಾರು? ಬಸ್ಸು ಹೋಗಬೇಕಾದ ಮೂಲೆಗಳನ್ನೂ ಅಳೆಯಿರಿ. 12 ಮೀಟರ್ ಉದ್ದದ ಬಸ್ಸು ತಿರುಗಲು ಹೊರಸುತ್ತಿಗೆ ಸುಮಾರು ಅಷ್ಟೇ ತ್ರಿಜ್ಯ ಬೇಕು. ಮೂಲೆಯಲ್ಲೊಂದು ಕಟ್ಟೆಯೋ ಟ್ರಾನ್ಸ್‌ಫಾರ್ಮರೋ ಇದ್ದರೆ ನಕ್ಷೆಯಲ್ಲಿ ಚೆಂದ ಕಂಡ ಯೋಜನೆ ಅಲ್ಲಿಗೇ ಮುಗಿಯಿತು.

ಲಾಭ ನಿಜಕ್ಕೂ ದೊಡ್ಡದು. ಅಂಗಡಿ ಬಾಗಿಲು, ಪಾರ್ಕಿಂಗ್ ಎಲ್ಲ ಇರುವ ಎರಡು ಲೇನಿನ ರಸ್ತೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1990ರ ಮಾರ್ಗಸೂಚಿ ದ್ವಿಮುಖವಾಗಿ ಗಂಟೆಗೆ 900, ಏಕಮುಖವಾಗಿ 1,400 ಕಾರುಗಳ (ಬೇರೆ ವಾಹನಗಳನ್ನು ಕಾರಿನ ಲೆಕ್ಕಕ್ಕೆ ಇಳಿಸಿ) ಸಾಮರ್ಥ್ಯ ಕೊಡುತ್ತದೆ. ನಾಲ್ಕು ದಾರಿ ಕೂಡುವ ದ್ವಿಮುಖ ವೃತ್ತದಲ್ಲಿ ವಾಹನಗಳು ಒಂದಕ್ಕೊಂದು ಅಡ್ಡ ಬರಬಹುದಾದ ಜಾಗಗಳು 32. ಎರಡೂ ರಸ್ತೆ ಏಕಮುಖವಾದರೆ ಬೆರಳೆಣಿಕೆಗೆ ಇಳಿಯುತ್ತವೆ.

ದಿಕ್ಕಿನ ವಿಷಯದಲ್ಲೇ ಹೆಚ್ಚಿನ ಎಡವಟ್ಟು ಆಗುವುದು. ನಾವು ಎಡಕ್ಕೆ ಓಡಿಸುವವರು. ಆದ್ದರಿಂದ ಜೋಡಿ ರಸ್ತೆಗಳಲ್ಲಿ ಸಂಚಾರ ಗಡಿಯಾರದ ಮುಳ್ಳಿನ ದಿಕ್ಕಿಗೇ ಸುತ್ತಬೇಕು: ಮುಂದೆ ಹೋಗುವವರಿಗೆ ಅವರ ಎಡಗಡೆಯ ರಸ್ತೆ, ಎದುರು ಬರುವವರಿಗೆ ಇನ್ನೊಂದು. ಉಲ್ಟಾ ಮಾಡಿದರೆ ಎರಡೂ ತುದಿಯಲ್ಲಿ ಹೋಗುವವರು ಬರುವವರು ಒಬ್ಬರನ್ನೊಬ್ಬರು ಕತ್ತರಿಸಿ ದಾಟಬೇಕು, ಪೇಟೆಯೊಳಗಿದ್ದ ಜಾಮ್ ತುದಿಗೆ ಹೋಗಿ ಕೂರುತ್ತದೆ. ಅಂಗಡಿಯವರ ಒತ್ತಡಕ್ಕೆ ದಿಕ್ಕು ಬದಲಿಸುವವರು ಇದನ್ನೊಮ್ಮೆ ಕಾಗದದ ಮೇಲೆ ಬಾಣ ಬರೆದು ನೋಡಲಿ.

ಇನ್ನು ಪಾರ್ಕಿಂಗ್. ಏಳು ಮೀಟರಿನಲ್ಲಿ ಒಂದು ಬದಿ ಕಾರು ನಿಲ್ಲಿಸಿದರೆ ಎರಡೂವರೆ ಮೀಟರ್ ಹೋಯಿತು. ಉಳಿದದ್ದು ಒಂದು ಲೇನು, ಪಕ್ಕದಲ್ಲೊಂದು ಬೈಕಿಗೆ ಜಾಗ. ಎರಡೂ ಬದಿ ಬಿಟ್ಟರೆ ಒನ್‌ವೇ ಮಾಡಿದ್ದು ವಾಹನ ನಿಲ್ಲಿಸಲಿಕ್ಕೆ ಅಂತಾಗುತ್ತದೆ.

ಪ್ರಶ್ನೆ (ಕಾರವಾರ): ಪ್ರಾಯೋಗಿಕವಾಗಿ ಮಾಡಿ ನೋಡಬಹುದೇ? ಯಾರ ಆದೇಶ ಬೇಕು?

ಉತ್ತರ: ಮೋಟಾರು ವಾಹನ ಕಾಯ್ದೆ 1988ರ ಕಲಂ 115ರಡಿ ಆದೇಶವಾಗಬೇಕು, ಜಿಲ್ಲೆಯಲ್ಲಿ ಸಾಮಾನ್ಯವಾಗಿ ಜಿಲ್ಲಾಧಿಕಾರಿಯಿಂದ. ನಿರ್ಬಂಧ ಒಂದು ತಿಂಗಳು ಮೀರದಿದ್ದರೆ ರಾಜ್ಯಪತ್ರ ಪ್ರಕಟಣೆ ಬೇಡ, ಸ್ಥಳೀಯ ಪ್ರಚಾರ ಸಾಕು. ಪ್ರಯೋಗಕ್ಕೆ ಈ ಒಂದು ತಿಂಗಳ ಅವಧಿಯೇ ಸೂಕ್ತ. ಅದಕ್ಕೂ ಮೊದಲು ಹದಿನೈದು ನಿಮಿಷಕ್ಕೊಮ್ಮೆ ಬರೆಯುತ್ತ ದಿನವಿಡೀ ವಾಹನ ಎಣಿಸಿ, ವಾರದ ನಡುವೆ ಒಂದು ದಿನ, ರವಿವಾರದ ಸಂತೆಗೊಂದು ದಿನ. ಸಂತೆಯ ದಿನ ಬಿಟ್ಟು ಮಾಡಿದ ಲೆಕ್ಕ ಲೆಕ್ಕವೇ ಅಲ್ಲ. ಪ್ರಯೋಗದ ನಡುವೆ ವಾರದ ಅದೇ ಎರಡು ದಿನ ಮತ್ತೆ ಎಣಿಸಿ, ಪಕ್ಕದ ಓಣಿಗಳನ್ನೂ ಸೇರಿಸಿ.

ಪ್ರಶ್ನೆ (ಕುಮಟಾ): ಫಲಕ ಹಾಕಿದರೂ ಜನ ಎದುರಿನಿಂದ ಬರುತ್ತಾರೆ. ಏನು ಮಾಡಬೇಕು?

ಉತ್ತರ: ಒಂದೇ ಫಲಕ, ಅದೂ ಅಂಗಡಿ ಬೋರ್ಡಿನ ಹಿಂದೆ ಇದ್ದರೆ ಹಾಗೇ ಆಗುತ್ತದೆ. ಹೊರಬೀಳುವ ತುದಿಯಲ್ಲಿ ರಸ್ತೆಯ ಎರಡೂ ಬದಿಗೆ ಪ್ರವೇಶ ನಿಷೇಧದ ಕೆಂಪು ವೃತ್ತ, ಒಳಹೋಗುವ ತುದಿಯಲ್ಲಿ ನೀಲಿ ಬಾಣ, ಪ್ರತಿ ಓಣಿಯ ಬಾಯಿಗೆ ತಿರುವು ನಿಷೇಧ. ಓಣಿಗಳನ್ನು ಮರೆಯುವುದೇ ಮುಖ್ಯ ತಪ್ಪು. ಜನ ನಡೆಯುವಲ್ಲಿ ಫಲಕದ ಕೆಳತುದಿ ನೆಲದಿಂದ ಎರಡು ಮೀಟರಿಗಿಂತ ಮೇಲಿರಲಿ. ಕಡಲ ಗಾಳಿಗೆ ಕಬ್ಬಿಣದ ಹಾಳೆ ಬೇಗ ತುಕ್ಕು ಹಿಡಿಯುತ್ತದೆ, ಅಲ್ಯೂಮಿನಿಯಂ ಕೇಳಿ. ನೆಲದ ಬಾಣಗಳನ್ನು ಮೇ ಒಳಗೆ ಬರೆಸಿ. ಒದ್ದೆ ಡಾಂಬರಿಗೆ ಬಣ್ಣ ಕಚ್ಚುವುದಿಲ್ಲ. ಎದುರು ಓಡಿಸುವುದನ್ನು 2019ರ ತಿದ್ದುಪಡಿ ಅಪಾಯಕಾರಿ ಚಾಲನೆಗೆ ಸೇರಿಸಿದೆ. ಆದರೂ ದಂಡ ಹಾಕುವ ಮೊದಲು ಸುತ್ತು ಎಷ್ಟು ಉದ್ದ ಎಂದು ಅಳೆದು ನೋಡಿ.