ಸೂಜಿಯೋ, ಸೊಪ್ಪೋ?

ಪ್ರಶ್ನೆ: ಡಾಕ್ಟರ್, ನನಗೆ 43 ವರ್ಷ. ಸ್ಕೂಲ್ ಟೀಚರ್. ಎತ್ತರ 5 ಅಡಿ 2 ಇಂಚು, ತೂಕ 84 ಕೆಜಿ. ಮೂರು ಸಲ ಡಯಟ್ ಮಾಡಿ ಎಂಟು-ಹತ್ತು ಕೆಜಿ ಇಳಿಸಿದೆ, ವರ್ಷದೊಳಗೆ ಎಲ್ಲಾ ವಾಪಸ್ ಬಂತು. ಹೋದ ತಿಂಗಳು ಮಾಡಿಸಿದ ಮೂರು ತಿಂಗಳ ಶುಗರ್ ಟೆಸ್ಟ್ 6.2 ಬಂದಿದೆ. ನ್ಯೂಜೆರ್ಸಿಯಲ್ಲಿರುವ ನಾದಿನಿ ವಾರಕ್ಕೊಂದು ಇಂಜೆಕ್ಷನ್ ತಗೊಂಡು 14 ಕೆಜಿ ಇಳಿಸಿದ್ದಾಳೆ, ನೀವೂ ತಗೊಳ್ಳಿ ಅತ್ತಿಗೆ ಅಂತಾಳೆ. ಬಾಯಿ ಕಟ್ಟಿದರೆ ಸಾಕು, ಔಷಧಿ ಯಾಕೆ ಅಂತ ಅತ್ತೆ. ನಿನಗೆ ಹಠ ಇಲ್ಲ ಅಂತ ಯಜಮಾನರು. ಮಧ್ಯಾಹ್ನ ಹತ್ತು ನಿಮಿಷದಲ್ಲಿ ಡಬ್ಬಿಯ ಚಿತ್ರಾನ್ನ ತಿಂದು ಕ್ಲಾಸಿಗೆ ಓಡುತ್ತೇನೆ, ಮೂರೂವರೆಗೆಲ್ಲ ಮತ್ತೆ ತಿನ್ನುವುದರದ್ದೇ ಯೋಚನೆ. ಸಹಜವಾಗಿಯೇ ಹಸಿವು ಕಡಿಮೆ ಮಾಡಿಕೊಳ್ಳೋಕೆ ಆಗುತ್ತಾ, ಅಥವಾ ಇಂಜೆಕ್ಷನ್ ತಗೊಳ್ಳಲಾ?
— ಹೆಸರು ಬೇಡ, ತುಮಕೂರು

ಉತ್ತರ: ಮೂರು ಸಲ ಎಂಟು-ಹತ್ತು ಕೆಜಿ ಇಳಿಸಿದವರಿಗೆ ಹಠ ಇಲ್ಲ ಅನ್ನೋದು ತಪ್ಪು. ಈ ಮಾತನ್ನು ನಿಮ್ಮ ಯಜಮಾನರಿಗೂ ಓದಿ ಹೇಳಿ. ತೂಕ ಇಳಿದಾಗ ದೇಹ ಅದನ್ನು ನಷ್ಟ ಅಂತಲೇ ಲೆಕ್ಕ ಹಾಕುತ್ತದೆ. ಹಸಿವು ಹುಟ್ಟಿಸುವ ಹಾರ್ಮೋನ್ ಏರುತ್ತದೆ, ಸಾಕು ಅನ್ನಿಸುವ ಹಾರ್ಮೋನ್‌ಗಳು ಇಳಿಯುತ್ತವೆ. ಮೆಲ್ಬರ್ನ್‌ನ ಸಂಶೋಧಕರು 50 ಜನರಿಗೆ 10 ವಾರ ತುಂಬ ಕಡಿಮೆ ಕ್ಯಾಲರಿಯ ಆಹಾರ ಕೊಟ್ಟು ತೂಕ ಇಳಿಸಿ, ಒಂದು ವರ್ಷ ಬಿಟ್ಟು ಮತ್ತೆ ರಕ್ತ ಪರೀಕ್ಷೆ ಮಾಡಿದರು. ಆಗಲೂ ಆ ಹಾರ್ಮೋನ್‌ಗಳು ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ, ಹಸಿವೂ ಜಾಸ್ತಿಯೇ ಇತ್ತು. ಇದು ಪ್ರಕಟವಾಗಿದ್ದು 2011ರಲ್ಲಿ. ಅಂದರೆ ಡಯಟ್ ಮುಗಿದ ಮೇಲೂ ನೀವು ದಿನಾ ಬೆಳಗ್ಗೆಯಿಂದ ರಾತ್ರಿಯವರೆಗೆ ಹೆಚ್ಚಿನ ಹಸಿವಿನ ಜೊತೆ ಗುದ್ದಾಡುತ್ತಲೇ ಇದ್ದಿರಿ, ಮನೆಯಲ್ಲಿ ಯಾರಿಗೂ ಅದು ಕಾಣಲಿಲ್ಲ.

ಈಗ ಇಂಜೆಕ್ಷನ್ ವಿಷಯ. ನಾವು ಊಟ ಮಾಡಿದಾಗ ಕರುಳು ಜಿಎಲ್‌ಪಿ-1 ಅನ್ನುವ ಹಾರ್ಮೋನ್ ಬಿಡುತ್ತದೆ. ಅದು ಮಿದುಳಿಗೆ ಸಾಕು ಅಂತ ಸುದ್ದಿ ಮುಟ್ಟಿಸುತ್ತದೆ, ಹೊಟ್ಟೆ ಬೇಗ ಖಾಲಿಯಾಗದ ಹಾಗೆ ತಡೆಯುತ್ತದೆ. ಆದರೆ ಎರಡು-ಮೂರು ನಿಮಿಷದಲ್ಲೇ ಅದರಲ್ಲಿ ಹೆಚ್ಚಿನ ಪಾಲು ರಕ್ತದಲ್ಲೇ ಒಡೆದು ನಾಶವಾಗುತ್ತದೆ. ಅದನ್ನೇ ಹೋಲುವ ಹಾಗೆ ಮಾಡಿದ ಔಷಧಿ ಸೆಮಾಗ್ಲುಟೈಡ್. ಇದು ದೇಹದಲ್ಲಿ ಅರ್ಧಕ್ಕೆ ಇಳಿಯೋಕೇ ಸುಮಾರು ಒಂದು ವಾರ ಬೇಕು, ಅದಕ್ಕೇ ವಾರಕ್ಕೊಂದು ಸೂಜಿ. ಒಜೆಂಪಿಕ್, ವೆಗೋವಿ ಅನ್ನುವ ಬ್ರ್ಯಾಂಡ್ ಇಂಜೆಕ್ಷನ್ ಎರಡರಲ್ಲೂ ಇರುವುದು ಇದೇ. ಮೌಂಜಾರೊ ಅನ್ನುವ ಇನ್ನೊಂದು ಬ್ರ್ಯಾಂಡ್‌ನಲ್ಲಿರುವ ಟಿರ್ಜೆಪಟೈಡ್ ಔಷಧಿ ಇದರ ಜೊತೆಗೆ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ.

ಹಾಗಾಗಿ ಕಾಳು, ಸೊಪ್ಪು ತಿಂದಾಗ ಮಿದುಳಿಗೆ ಹೋಗುವುದೂ ಅದೇ ಸುದ್ದಿ, ಸೂಜಿ ಕಳಿಸುವುದೂ ಅದೇ ಸುದ್ದಿ. ಬಲದಲ್ಲಿ ಮಾತ್ರ ಬಹಳ ವ್ಯತ್ಯಾಸ ಇದೆ. ಮೆಂತ್ಯೆ ನೀರು ಕುಡಿದರೆ ಇಂಜೆಕ್ಷನ್‌ನಷ್ಟೇ ಕೆಲಸ ಮಾಡುತ್ತದೆ ಅಂತ ವಿಡಿಯೊ ಮಾಡುವವರನ್ನು ನಂಬಬೇಡಿ. 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ 1,961 ಜನ ಇದ್ದರು. ಎಲ್ಲರಿಗೂ ಊಟ, ವ್ಯಾಯಾಮದ ಸಲಹೆ ಕೊಟ್ಟಿದ್ದರು. 68 ವಾರ ಕಳೆದಾಗ ಸೆಮಾಗ್ಲುಟೈಡ್ ತಗೊಂಡವರ ತೂಕ ಸರಾಸರಿ ಶೇ 14.9ರಷ್ಟು ಇಳಿದಿತ್ತು, ಔಷಧಿ ಇಲ್ಲದ ಖಾಲಿ ಸೂಜಿ ಚುಚ್ಚಿಸಿಕೊಂಡವರದ್ದು ಶೇ 2.4. ನಿಮ್ಮ 84 ಕೆಜಿಗೆ ಲೆಕ್ಕ ಹಾಕಿದರೆ ಹನ್ನೆರಡೂವರೆ ಕೆಜಿ, ಮತ್ತು ಎರಡು ಕೆಜಿ. ಬಾಯಿ ಕಟ್ಟಿದರೆ ಸಾಕು ಅನ್ನುವ ಅತ್ತೆಯವರಿಗೆ ಇದನ್ನು ಸಮಾಧಾನವಾಗಿ ವಿವರಿಸಿ.

ನಾದಿನಿ ನಿಮಗೆ ಬಹುಶಃ ಹೇಳಿರದ ಇನ್ನೊಂದು ಲೆಕ್ಕವೂ ಇದೆ. ಅದೇ ಪ್ರಯೋಗದಲ್ಲಿ ಸೂಜಿ ನಿಲ್ಲಿಸಿದವರ ಒಂದು ಗುಂಪನ್ನು ಮುಂದೆಯೂ ಗಮನಿಸಿದರು. ಇಳಿದ ತೂಕದಲ್ಲಿ ಮೂರನೇ ಎರಡು ಭಾಗ ಒಂದು ವರ್ಷದಲ್ಲಿ ವಾಪಸ್ ಬಂದಿತ್ತು. ಬಿಪಿ ಮಾತ್ರೆ ಬಿಟ್ಟರೆ ಬಿಪಿ ಏರುವ ಹಾಗೆ ಇದು. ಆದ್ದರಿಂದ ಡಾಕ್ಟರನ್ನು ಎಷ್ಟು ಕೆಜಿ ಇಳಿಯುತ್ತದೆ ಅಂತ ಕೇಳುವ ಮೊದಲು ಎಷ್ಟು ವರ್ಷ ತಗೊಳ್ಳಬೇಕು ಅಂತ ಕೇಳಿ. ಖರ್ಚನ್ನೂ ಕೂತು ಲೆಕ್ಕ ಹಾಕಿ. 2025ರ ಮಾರ್ಚ್‌ನಲ್ಲಿ ಮೌಂಜಾರೊ ನಮ್ಮಲ್ಲಿ ಬಂದಾಗ 5 ಮಿಲಿಗ್ರಾಂನ ಒಂದು ಬಾಟಲಿಗೆ 4,375 ರೂಪಾಯಿ ಇತ್ತು, ಅದು ಒಂದೇ ವಾರಕ್ಕೆ. ಬೆಲೆ ಕಂಪನಿಯಿಂದ ಕಂಪನಿಗೆ, ಡೋಸ್‌ನಿಂದ ಡೋಸ್‌ಗೆ ಬೇರೆ, ಶುರು ಮಾಡುವ ದಿನ ವಿಚಾರಿಸಿಕೊಳ್ಳಿ. ಮಕ್ಕಳ ಫೀಸು, ಮನೆ ಸಾಲ ಎಲ್ಲ ಕಟ್ಟಿ ಎರಡು-ಮೂರು ವರ್ಷ ನಡೆಸಿಕೊಂಡು ಹೋಗೋಕೆ ಆಗುತ್ತದಾ ನೋಡಿ. ನಾಲ್ಕು ತಿಂಗಳಿಗೆ ದುಡ್ಡು ಸಾಲದೆ ನಿಲ್ಲಿಸಿ, ಮತ್ತೆ ತೂಕ ಏರಿ, ನನ್ನ ಮುಂದೆ ಕೂತು ಅತ್ತವರನ್ನು ನೋಡಿದ್ದೇನೆ.

ವಾಕರಿಕೆ, ವಾಂತಿ, ಮಲಬದ್ಧತೆ ಬಹಳ ಜನಕ್ಕೆ ಆಗುತ್ತದೆ. ಅದಕ್ಕೇ ಸೆಮಾಗ್ಲುಟೈಡನ್ನು 0.25 ಮಿಲಿಗ್ರಾಂನಿಂದ ಶುರು ಮಾಡಿ ನಾಲ್ಕು ವಾರಕ್ಕೊಮ್ಮೆ ಏರಿಸುತ್ತಾರೆ. ಬೇಗ ಇಳೀಲಿ ಅಂತ ನೀವೇ ಡೋಸ್ ಏರಿಸಬೇಡಿ. ಕೆಲವರಿಗೆ ಪಿತ್ತಕೋಶದಲ್ಲಿ ಕಲ್ಲು ಆಗುತ್ತದೆ. ಅಪರೂಪಕ್ಕೆ ಮೇದೋಜೀರಕ ಗ್ರಂಥಿಗೆ ಊತ ಬರುತ್ತದೆ. ಹೊಟ್ಟೆಯ ಮೇಲ್ಭಾಗದಲ್ಲಿ ಬೆನ್ನಿಗೆ ಹರಡುವ ಜೋರು ನೋವು ಬಂದರೆ ಗ್ಯಾಸ್ ಅಂತ ಸುಮ್ನೆ ಇರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ನಿಮಗೋ ಮನೆತನದಲ್ಲಿ ಯಾರಿಗಾದರೂ ಮೆಡುಲ್ಲರಿ ಅನ್ನುವ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ ಈ ಔಷಧಿ ಬೇಡವೇ ಬೇಡ. ಬಸುರಿಯರಿಗೂ ಇಲ್ಲ.

ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಲೆಕ್ಕ, 34. ನಮ್ಮ ಮೈಕಟ್ಟಿಗೆ 25ರಿಂದಲೇ ಬೊಜ್ಜು ಅನ್ನುತ್ತೇವೆ. ಶುಗರ್ ಕೂಡ ಅಂಚಿನಲ್ಲಿದೆ. ನನ್ನನ್ನು ಕೇಳಿದರೆ ಈ ಔಷಧಿ ಯಾರಿಗಾಗಿ ಇದೆಯೋ ಅವರಲ್ಲಿ ನೀವೂ ಒಬ್ಬರು. ತಗೊಂಡರೆ ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಫಿಸಿಷಿಯನ್ ಹತ್ತಿರ ಹೋಗಿ ಥೈರಾಯ್ಡ್, ಲಿವರ್, ಕಿಡ್ನಿ ಟೆಸ್ಟ್ ಮಾಡಿಸಿ ಮಾತಾಡಿ. ಜೊತೆಗೆ ಇವತ್ತಿನಿಂದಲೇ ಆ ಡಬ್ಬಿ ಬದಲಿಸಿ, ಯಾಕೆಂದರೆ ಸೂಜಿ ತಗೊಂಡರೂ ಬಿಟ್ಟರೂ ಅದು ಬೇಕೇ ಬೇಕು. ಊಟ ಕಡಿಮೆಯಾಗಿ ಅದರಲ್ಲಿ ಪ್ರೋಟೀನೂ ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ.

ಚಿತ್ರಾನ್ನ ಬಿಡಿ ಅನ್ನುವುದಿಲ್ಲ. 100 ಗ್ರಾಂ ಬಿಳಿ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ, ರಾಗಿಯಲ್ಲಿ 11 ಗ್ರಾಂ ಇದೆ. ಮೆತ್ತಗಿನ ಅನ್ನವನ್ನು ಅಗಿಯದೆ ನುಂಗುತ್ತೇವೆ, ಬೇಗ ಅರಗುತ್ತದೆ, ಮೂರೂವರೆಗೆ ಹೊಟ್ಟೆ ಚುರ್ ಅನ್ನುತ್ತದೆ. ಡಬ್ಬಿಯ ಒಂದು ಖಾನೆಗೆ ಹೆಸರುಕಾಳಿನದೋ ಕಡಲೆಕಾಳಿನದೋ ಉಸಲಿ ತುಂಬಿ, ಇನ್ನೊಂದಕ್ಕೆ ಸೌತೆಕಾಯಿ, ಚಿತ್ರಾನ್ನ ಅರ್ಧ ಇರಲಿ. ಕಾಳು, ತರಕಾರಿ ಮೊದಲು ತಿನ್ನಿ, ಅನ್ನ ಕೊನೆಗೆ. ನ್ಯೂಯಾರ್ಕ್‌ನಲ್ಲಿ 11 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನದಲ್ಲಿ ಇದೇ ಕ್ರಮದಲ್ಲಿ ತಿಂದಾಗ ಊಟದ ನಂತರದ ಶುಗರ್ ಕಡಿಮೆ ಏರಿತ್ತು. ಮದುವೆ ಊಟದ ಎಲೆಗೆ ಕೋಸಂಬರಿ, ಪಲ್ಯ ಮೊದಲೇ ಬರುತ್ತವೆ ಅಲ್ವಾ, ಅನ್ನ ಬರುವವರೆಗೆ ಕಾಯದೆ ಅವನ್ನು ತಿಂದು ಮುಗಿಸಿ.

ರಾತ್ರಿ ಮುದ್ದೆ ಒಳ್ಳೆಯದು. ಆದರೆ ಮುದ್ದೆಯನ್ನೂ ನುಂಗುವುದೇ, ಹಾಗಾಗಿ ಎರಡು ದೊಡ್ಡ ಮುದ್ದೆಗೆ ನೀರು ಸಾರು ಬಿಟ್ಟುಕೊಂಡರೆ ತೂಕ ಇಳಿಯಲ್ಲ. ಒಂದು ಚಿಕ್ಕ ಮುದ್ದೆ ಸಾಕು, ಬಸ್ಸಾರಿನ ಪಲ್ಯ ಧಾರಾಳವಾಗಿರಲಿ, ಹುರುಳಿಕಾಳಿನದಾದರೆ ಇನ್ನೂ ಒಳ್ಳೆಯದು.

ಸ್ಟಾಫ್ ರೂಮಿನ ಬಿಸ್ಕತ್ತಿನ ಡಬ್ಬಿ ನಿಮ್ಮ ಮೇಜಿನಿಂದ ದೂರ ಇರಲಿ. 2019ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 20 ಜನರನ್ನು ಒಂದೇ ಕಡೆ ಇಟ್ಟುಕೊಂಡು ಎರಡು ವಾರ ಪ್ಯಾಕೆಟ್ ತಿಂಡಿ, ಎರಡು ವಾರ ಮನೆ ಅಡುಗೆಯಂಥ ಊಟ ಕೊಟ್ಟು ಬೇಕಾದಷ್ಟು ತಿನ್ನಿ ಅಂದರು. ಪ್ಯಾಕೆಟ್ ತಿಂಡಿಯ ವಾರಗಳಲ್ಲಿ ದಿನಕ್ಕೆ ಸುಮಾರು 500 ಕ್ಯಾಲರಿ ಜಾಸ್ತಿ ತಿಂದಿದ್ದರು. ನಿದ್ದೆ ಕಡಿಮೆಯಾದರೂ ಹಸಿವು ಏರುತ್ತದೆ, ಉತ್ತರಪತ್ರಿಕೆ ತಿದ್ದುವುದನ್ನು ರಾತ್ರಿ ಹತ್ತಕ್ಕೆ ನಿಲ್ಲಿಸಿ.

ಪ್ರಶ್ನೆ: ನಮ್ಮ ಬೆಟ್ಟದ ಉಪ್ಪಾಗೆಯಿಂದಲೇ ಮಾಡಿದ್ದು ಅಂತ ಹಸಿವು ಕಡಿಮೆ ಮಾಡುವ ಕ್ಯಾಪ್ಸೂಲ್ ಆನ್‌ಲೈನ್‌ನಲ್ಲಿ ಸಿಗುತ್ತಿದೆ. ನೈಸರ್ಗಿಕ ಅಲ್ವಾ, ತಗೊಂಡರೆ ತೊಂದರೆ ಇಲ್ಲ ತಾನೇ?
— ಓದುಗರು, ಶಿರಸಿ

ಉತ್ತರ: ಆ ಡಬ್ಬಿಯ ಮೇಲೆ ಗಾರ್ಸಿನಿಯಾ ಕಾಂಬೋಜಿಯಾ ಅಂತ ಬರೆದಿರುತ್ತದೆ, ಅದು ನಿಮ್ಮ ಉಪ್ಪಾಗೆಯೇ. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು ತೆಗೆದು ಮಾರುತ್ತಾರೆ. ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪ್ರಯೋಗ ಮಾಡಿ 1998ರಲ್ಲಿ ಪ್ರಕಟಿಸಿದರು, ಔಷಧಿ ಇಲ್ಲದ ಸುಳ್ಳು ಮಾತ್ರೆ ತಿಂದವರಿಗಿಂತ ಗಾರ್ಸಿನಿಯಾ ತಿಂದವರ ತೂಕ ಹೆಚ್ಚೇನೂ ಇಳಿದಿರಲಿಲ್ಲ. ಅದಕ್ಕಿಂತ ಚಿಂತೆಯ ವಿಷಯ ಲಿವರ್‌ನದು. ಗಾರ್ಸಿನಿಯಾ ಕ್ಯಾಪ್ಸೂಲ್ ತಿಂದು ಕಾಮಾಲೆ ಆದವರ, ಲಿವರ್ ಕಸಿ ಮಾಡಿಸಬೇಕಾಗಿ ಬಂದವರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಸಾರಿಗೆ ಹುಳಿಗಾಗಿ ಹಾಕುವ ಒಂದೆರಡು ಒಣ ಸಿಪ್ಪೆಗೆ ಹೆದರಬೇಡಿ. ಸಾರ ಇಳಿಸಿ ದಿನಾ ಕ್ಯಾಪ್ಸೂಲ್ ನುಂಗುವುದು ಬೇರೆ ವಿಷಯ.

ಇನ್ನೊಂದು ಎಚ್ಚರಿಕೆ. ಗಿಡಮೂಲಿಕೆ ಅಂತ ಮಾರುವ ಸ್ಲಿಮ್ಮಿಂಗ್ ಪುಡಿಗಳಲ್ಲಿ ಸಿಬುಟ್ರಮಿನ್ ಅನ್ನುವ ಔಷಧಿ ಬೆರೆಸಿದ್ದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಹೃದಯಕ್ಕೆ ಅಪಾಯ ಅಂತ 2010ರಲ್ಲಿ ಯುರೋಪ್, ಅಮೆರಿಕದ ಮಾರುಕಟ್ಟೆಯಿಂದ ತೆಗೆದುಹಾಕಿದ ಮಾತ್ರೆ ಅದು. ಪುಡಿ ತಿಂದ ಎರಡೇ ದಿನಕ್ಕೆ ಹಸಿವು ಮಾಯವಾಗಿ ಎದೆ ಡವಡವ ಅಂದರೆ, ರಾತ್ರಿ ನಿದ್ದೆ ಬರದಿದ್ದರೆ, ಅಲ್ಲಿಗೇ ನಿಲ್ಲಿಸಿ ಡಬ್ಬಿ ಸಮೇತ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ನನಗೆ 27 ವರ್ಷ. ಎತ್ತರ 5 ಅಡಿ 8 ಇಂಚು, ತೂಕ 72. ಮೂರು ತಿಂಗಳಿಗೆ ಮದುವೆ, 6 ಕೆಜಿ ಇಳಿಸಬೇಕು. ಜಿಮ್ ಟ್ರೇನರ್ ಇಂಜೆಕ್ಷನ್ ಪೆನ್ ತರಿಸಿಕೊಡುತ್ತೇನೆ ಅಂದಿದ್ದಾರೆ.
— ಓದುಗರು, ಹುಬ್ಬಳ್ಳಿ

ಉತ್ತರ: ಬೇಡ. ನಿಮ್ಮ ಬಿಎಂಐ 24, ಈ ಔಷಧಿ ನಿಮ್ಮಂಥವರಿಗೆ ಅಲ್ಲವೇ ಅಲ್ಲ. ಡಾಕ್ಟರ ಚೀಟಿ ಇಲ್ಲದೆ ಮಾರುವುದೇ ತಪ್ಪು. ಅದನ್ನು ಫ್ರಿಜ್‌ನಲ್ಲಿ ಇಟ್ಟಿದ್ದರೋ ಬೈಕಿನ ಡಿಕ್ಕಿಯಲ್ಲಿ ಬಿಸಿಲಲ್ಲಿ ತಂದರೋ, ಒಳಗೆ ಏನಿದೆಯೋ, ಯಾರು ಹೊಣೆ? ಮೂರು ತಿಂಗಳಲ್ಲಿ ರಾತ್ರಿ ಊಟದ ರೊಟ್ಟಿ ಒಂದು ಕಡಿಮೆ ಮಾಡಿ, ಹೆಸರುಕಾಳಿನ ಪಲ್ಯ ಜಾಸ್ತಿ ಮಾಡಿ, ಸಂಜೆ ಮಿರ್ಚಿ-ಗಿರ್ಮಿಟ್ ವಾರಕ್ಕೊಂದು ಸಲಕ್ಕೆ ಇಳಿಸಿ, ದಿನಾ ಒಂದು ಗಂಟೆ ನಡೆದರೆ ಮೂರು-ನಾಲ್ಕು ಕೆಜಿ ಇಳಿಯಬಹುದು, ಶೇರ್ವಾನಿಗೆ ಅಷ್ಟು ಸಾಕು. ಪೆನ್ ಈಗಾಗಲೇ ಮನೆಗೆ ಬಂದಿದ್ದರೆ ಚುಚ್ಚಿಕೊಳ್ಳಬೇಡಿ, ವಾಪಸ್ ಕೊಡಿ. ಚುಚ್ಚಿಕೊಂಡಾಗಿದ್ದರೆ ಇದೇ ವಾರ ಒಬ್ಬ ಫಿಸಿಷಿಯನ್‌ಗೆ ಆ ಪೆನ್ ತೋರಿಸಿ, ಯಾವಾಗ ಎಷ್ಟು ತಗೊಂಡಿರಿ ಅಂತ ಮುಚ್ಚಿಡದೆ ಹೇಳಿ.